ಹೊಲದ ಹುಳುವನ್ನು ತರಗತಿಗೆ ತನ್ನಿ
ಮಧುಗಿರಿ ಶೈಕ್ಷಣಿಕ ಜಿಲ್ಲೆಯ ವಿಜ್ಞಾನ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸುವ ಎಲ್ಲ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ತುಮಕೂರನ್ನೂ ಮಧುಗಿರಿಯನ್ನೂ ಎರಡು ಜಿಲ್ಲೆಗಳೆಂದು ಎಣಿಸುತ್ತಾರೆ. ಕಂದಾಯದ ಲೆಕ್ಕಕ್ಕೆ ಒಂದೇ ಜಿಲ್ಲೆ, ಶಿಕ್ಷಣದ ಲೆಕ್ಕಕ್ಕೆ ಮಾತ್ರ ನಮ್ಮ ನಾಲ್ಕು ತಾಲ್ಲೂಕು ಬೇರೆ. ಈ ನಾಲ್ಕೂ ತಾಲ್ಲೂಕಿನ ಹೊಲ ಮೇಯುವ ಹುಳುಗಳು ಒಂದೇ. ಆ ಹುಳುಗಳ ವಿಚಾರವಾಗಿ ನಿಮ್ಮೆಲ್ಲರನ್ನೂ ಒಟ್ಟಿಗೆ ಒಂದು ಮಾತು ಕೇಳಿಕೊಳ್ಳಬೇಕೆಂದು ಬರೆಯುತ್ತಿದ್ದೇನೆ.

ನಿಮ್ಮ ತರಗತಿಯಲ್ಲಿ ಕೂತಿರುವ ಎಷ್ಟೋ ಮಕ್ಕಳು ಭಾನುವಾರ ಅಪ್ಪನ ಜೊತೆ ಹೊಲಕ್ಕೆ ಹೋಗಿ, ಡ್ರಮ್ಮಿಗೆ ನೀರು ತುಂಬಿಸಿ, ಔಷಧಿ ಹೊಡೆಯುವುದನ್ನು ಹತ್ತಿರದಿಂದ ನೋಡಿದವರು. (ಮಕ್ಕಳ ಕೈಗೆ ಆ ಬಾಟಲಿ ಕೊಡಲೇಬಾರದು. ಅದನ್ನೂ ದಯವಿಟ್ಟು ಹೇಳಿ.) "ಹೋದ ವರ್ಷ ಇದಕ್ಕೇ ಸಾಯ್ತಿತ್ತು, ಈ ವರ್ಷ ಅಲ್ಲಾಡ್ತಾನೂ ಇಲ್ಲ. ಹುಳಕ್ಕೆ ಔಷಧಿ ಅಭ್ಯಾಸ ಆಗೋಗೈತೆ, ಇನ್ನೊಂದು ಮುಚ್ಚಳ ಜಾಸ್ತಿ ಹಾಕು" ಎನ್ನುವುದನ್ನು ಅವರು ಎಷ್ಟು ಸಲ ಕೇಳಿಲ್ಲ! ಸೋಮವಾರ ಬಂದು ಅದೇ ಮಕ್ಕಳು ಮೆಂಡಲನ ಬಟಾಣಿ ಗಿಡ, ಎತ್ತರ, ಗಿಡ್ಡ, 3:1 ಎಂದು ಬಾಯಿಪಾಠ ಮಾಡುತ್ತಾರೆ. ಭಾನುವಾರ ಹೊಲದಲ್ಲಿ ಕಂಡದ್ದೂ ಸೋಮವಾರ ಪುಸ್ತಕದಲ್ಲಿ ಓದಿದ್ದೂ ಒಂದೇ ಪಾಠ ಎಂದು ಅವರಿಗೆ ಹೇಳಬಲ್ಲವರು ನೀವು. ನಿಮ್ಮನ್ನು ಬಿಟ್ಟರೆ ಆ ಊರಿನಲ್ಲಿ ಇನ್ನೊಬ್ಬರು ಇಲ್ಲ ಎಂಬುದು ನನ್ನ ನಂಬಿಕೆ.

ತೊಗರಿ ಹೂವು ಕಾಯಾಗುವ ಹೊತ್ತಿನಲ್ಲಿ ಒಂದು ಗಿಡದ ಪಕ್ಕ ಕೂತು ನೋಡಿ. ಕಾಯಿಗೆ ದುಂಡನೆಯ ತೂತು ಕೊರೆದು, ತಲೆಯನ್ನೂ ಮುಂದಿನ ಅರ್ಧ ಮೈಯನ್ನೂ ಒಳಕ್ಕೆ ತೂರಿಸಿ, ಹಿಂಭಾಗವನ್ನು ಹೊರಗೆ ಬಿಟ್ಟುಕೊಂಡು ಒಂದು ಹುಳು ಕಾಳು ತಿನ್ನುತ್ತಿರುತ್ತದೆ. ಕೆಳಗಿನ ಎಲೆಯ ಮೇಲೆ ಹಸಿಹಸಿ ಹಿಕ್ಕೆ ಬಿದ್ದಿರುತ್ತದೆ. ಒಂದು ಕಾಳು ಮುಗಿದರೆ ಪಕ್ಕದ ಕಾಳು, ಒಂದು ಕಾಯಿ ಮುಗಿದರೆ ಪಕ್ಕದ ಕಾಯಿ. ಒಂದು ಹುಳು ಹಸಿರಾಗಿದ್ದರೆ ಇನ್ನೊಂದು ಕಂದು, ಮತ್ತೊಂದು ನಸುಗೆಂಪು. ಮೈಯ ಎರಡೂ ಪಕ್ಕ ಉದ್ದಕ್ಕೂ ತೆಳುವಾದ ಬಿಳಿ ಪಟ್ಟಿ. ನಾವು ಕಾಯಿಕೊರಕ ಎನ್ನುವ ಈ ಹುಳುವಿನ ಶಾಸ್ತ್ರೀಯ ಹೆಸರು ಹೆಲಿಕೋವರ್ಪಾ ಆರ್ಮಿಜೆರಾ. ತೊಗರಿ, ಅವರೆ, ಕಡಲೆ, ಟೊಮ್ಯಾಟೊ, ಹತ್ತಿ, ಸೂರ್ಯಕಾಂತಿ, ಮುಸುಕಿನ ಜೋಳ, ಮೆಣಸಿನಕಾಯಿ, ಚೆಂಡುಹೂವು ಹೀಗೆ ಇದು ತಿನ್ನುವ ಗಿಡಗಳ ಪಟ್ಟಿ 180 ದಾಟುತ್ತದೆ.

ಇಷ್ಟು ಗಿಡ ತಿನ್ನುವುದು ಹೊಟ್ಟೆಬಾಕತನದ ಕೆಲಸ ಅಷ್ಟೇ ಎಂದು ಮಕ್ಕಳು ತಿಳಿಯಬಾರದು. ಓಡಿಹೋಗಲು ಗಿಡಕ್ಕೆ ಕಾಲಿಲ್ಲ. ಅದು ವಿಷ ಮಾಡಿಕೊಳ್ಳುತ್ತದೆ. ಟೊಮ್ಯಾಟೊ ಎಲೆಯಲ್ಲಿ ಟೊಮ್ಯಾಟಿನ್, ಹತ್ತಿಯಲ್ಲಿ ಗಾಸಿಪಾಲ್, ತಂಬಾಕಿನಲ್ಲಿ ನಿಕೋಟಿನ್, ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್. ಬೆಳಗಿನ ಇಬ್ಬನಿಯಲ್ಲಿ ಕಡಲೆ ಗಿಡ ಮುಟ್ಟಿದರೆ ಬೆರಳಿಗೆ ಹುಳಿ ಹತ್ತುತ್ತದಲ್ಲ, ಅದೂ ರಕ್ಷಣೆಯೇ. ತೊಗರಿ, ಅವರೆ ಕಾಳುಗಳಲ್ಲಿ ಹುಳುವಿನ ಹೊಟ್ಟೆಯ ಕಿಣ್ವಗಳನ್ನೇ ತಡೆಹಿಡಿಯುವ ಪ್ರೋಟೀನುಗಳಿವೆ. ಒಂದೊಂದು ಗಿಡದ್ದೂ ಒಂದೊಂದು ವಿಷ. ಇಷ್ಟನ್ನೂ ಅರಗಿಸಿಕೊಳ್ಳುವ ಒಂದೇ ಹುಳುವಿನ ಒಳಗೆ ಏನಿದೆ ಎಂಬುದೇ ಪ್ರಶ್ನೆ.

ಅದಕ್ಕೆ ಉತ್ತರ ಹುಡುಕುವ ಮೊದಲು ಇದರ ನೇರ ವಿರುದ್ಧದ ಹುಳುವನ್ನು ನೋಡಬೇಕು. ಅದೂ ನಿಮ್ಮ ಊರಲ್ಲೇ ಇದೆ. ಹಿಪ್ಪುನೇರಳೆ ತೋಟ ಇರುವ ಮನೆಗಳ ಮಕ್ಕಳಿಗೆ ಚಾಕಿ, ಜ್ವರ, ಚಂದ್ರಿಕೆ, ಗೂಡು ಎಲ್ಲ ಮನೆಮಾತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿಗೆ ಏನು ರೇಟಿದೆ ಎಂಬುದೂ ಕೆಲವರಿಗೆ ಗೊತ್ತಿರುತ್ತದೆ. ರೇಷ್ಮೆಹುಳುವಿನ ಮುಂದೆ ಹರಳೆಲೆ ಇಡಿ, ಕಡ್ಲೆಕಾಯಿ ಸೊಪ್ಪು ಇಡಿ, ಅದು ಹಸಿದು ಸಾಯುತ್ತದೆಯೇ ಹೊರತು ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಸೊಪ್ಪು ಸಾಲದೆ ಬೆಳೆಗಾರರು ಪಡುವ ಪಾಡಿಗೆಲ್ಲ ಈ ಹಟವೇ ಕಾರಣ. 2019ರಲ್ಲಿ ಚೀನಾದ ವಿಜ್ಞಾನಿಗಳು ರೇಷ್ಮೆಹುಳುವಿನಲ್ಲಿ ಜಿಆರ್66 ಎಂಬ ಒಂದೇ ಒಂದು ಜೀನನ್ನು ಕೆಲಸ ಮಾಡದಂತೆ ಮಾಡಿದರು. ಅದು ಕಹಿ ಗ್ರಹಿಸುವ ಒಂದು ಪ್ರೋಟೀನಿನ ಜೀನ್. ಆ ಹುಳುಗಳು ಹಣ್ಣುಗಳನ್ನೂ ಕಾಳುಗಳನ್ನೂ ತಿನ್ನತೊಡಗಿದವು! ಸಾವಿರಾರು ವರ್ಷಗಳಿಂದ ನಾವು ರೇಷ್ಮೆಹುಳುವಿನ ಸ್ವಭಾವ ಎಂದುಕೊಂಡು ಬಂದದ್ದರ ದೊಡ್ಡ ಪಾಲು ಒಂದು ಜೀನಿನಲ್ಲಿ ಕೂತಿತ್ತು. ಹತ್ತನೇ ತರಗತಿಯ ಮಕ್ಕಳಿಗೆ ಜೀನ್ ಎಂದರೇನು ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಕಥೆ ನನಗಂತೂ ಗೊತ್ತಿಲ್ಲ.

ಹಿಪ್ಪುನೇರಳೆಯೇನೂ ಸಾಧು ಗಿಡವಲ್ಲ. ಎಲೆಯ ತೊಟ್ಟು ಮುರಿದಾಗ ಒಸರುವ ಹಾಲಿನಲ್ಲಿ ಸಕ್ಕರೆಯನ್ನು ಹೋಲುವ ಆಲ್ಕಲಾಯ್ಡುಗಳಿವೆ. ಸಕ್ಕರೆ ಜೀರ್ಣಿಸುವ ಕಿಣ್ವಗಳಿಗೆ ಅವು ಅಡ್ಡಗಟ್ಟುತ್ತವೆ. ಹರಳೆಲೆ ತಿಂದು ಬೆಳೆಯುವ ಎರಿ ರೇಷ್ಮೆಹುಳು ಆ ಹಾಲಿನಿಂದ ಸಾಯುತ್ತದೆ ಎಂದು ಜಪಾನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ನಮ್ಮ ರೇಷ್ಮೆಹುಳುವಿನ ಹತ್ತಿರ ಆ ಅಡ್ಡಗಾಲಿಗೆ ಬಗ್ಗದ ಒಂದು ಕಿಣ್ವವಿದೆ. ಅದರ ಜೀನ್ ಬ್ಯಾಕ್ಟೀರಿಯಾದಿಂದ ಬಂದದ್ದು ಎಂದು 2008ರಲ್ಲಿ ಗೊತ್ತಾಯಿತು. ಬೇರೆ ಹಲವು ಕೀಟಗಳು ಬಾಯಿಡಲು ಹೆದರುವ ಎಲೆಯ ಮೇಲೆ ನಿರಾಳವಾಗಿ ಕೂತು ತಿನ್ನುವ ಅನುಕೂಲ ಅದಕ್ಕೆ ಸಿಕ್ಕಿದ್ದು ಹೀಗೆ.

ಕಾಯಿಕೊರಕ ಹಿಡಿದ ದಾರಿ ಬೇರೆ. ಅದರ ಪೂರ್ಣ ಜೀನೋಮ್ 2017ರಲ್ಲಿ ಪ್ರಕಟವಾಯಿತು. ಕಡ್ಲೆಕಾಯಿ, ಹರಳು, ಟೊಮ್ಯಾಟೊ ಎಲ್ಲದಕ್ಕೂ ಬೀಳುವ ತಂಬಾಕಿನ ಹುಳು, ಅಂದರೆ ಸ್ಪೊಡಾಪ್ಟೆರಾ ಲಿಟುರಾದ ಜೀನೋಮ್ ಕೂಡ ಅದೇ ವರ್ಷ ಬಂತು. ರುಚಿ ಗ್ರಹಿಸುವ ಜೀನುಗಳು ರೇಷ್ಮೆಹುಳುವಿನಲ್ಲಿ 70ರ ಆಸುಪಾಸು ಇದ್ದರೆ ಕಾಯಿಕೊರಕದಲ್ಲಿ ಸುಮಾರು 200, ತಂಬಾಕಿನ ಹುಳುವಿನಲ್ಲಿ 237. ಎಲ್ಲವನ್ನೂ ತಿನ್ನುವ ಹುಳುವಿಗೆ ನಾಲಿಗೆ ಮೊಂಡಾಗಿರಬೇಕು ಎಂದು ನಾವು ಊಹಿಸಿದರೆ ಲೆಕ್ಕ ತಿರುಗುಮುರುಗಾಗಿದೆ. ಅದರಲ್ಲೂ ಹೆಚ್ಚಿನವು ಕಹಿಯನ್ನು ಗುರುತಿಸುವಂಥವು. ನೂರಾರು ಗಿಡಗಳಿಗೆ ಹೋಗುವ ಹುಳುವಿಗೆ ಯಾವ ಎಲೆ ಎಷ್ಟು ಕಹಿ, ಯಾವುದನ್ನು ತಿನ್ನಬಹುದು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಹೆಚ್ಚು ಬೇಕು. ಇದರ ಜೊತೆಗೆ ವಿಷ ಒಡೆಯುವ ಕಿಣ್ವಗಳ ಜೀನುಗಳೂ ಈ ಎರಡು ಹುಳುಗಳಲ್ಲಿ ಗುಂಪುಗುಂಪಾಗಿ ಹೆಚ್ಚಿವೆ. ಅವುಗಳಲ್ಲಿ ಮುಖ್ಯವಾದ ಬಳಗಕ್ಕೆ ಸೈಟೋಕ್ರೋಮ್ ಪಿ450 ಎಂದು ಹೆಸರು.

ಒಂದಿದ್ದ ಜೀನ್ ಹತ್ತಾಗುವುದು ಹೇಗೆ? ಡಿಎನ್ಎ ನಕಲಾಗುವಾಗ ಆಗೊಮ್ಮೆ ಈಗೊಮ್ಮೆ ಒಂದು ತುಂಡು ಎರಡು ಸಲ ಬಂದುಬಿಡುತ್ತದೆ. ಮನೆಯಲ್ಲಿ ಎರಡು ಮಚ್ಚು ಇದ್ದರೆ ಒಂದನ್ನು ದಿನದ ಕೆಲಸಕ್ಕೆ ಇಟ್ಟುಕೊಂಡು ಇನ್ನೊಂದನ್ನು ಕುಲುಮೆಗೆ ಕೊಟ್ಟು ಬೇರೆ ಆಕಾರಕ್ಕೆ ಬಡಿಸಬಹುದು. ಹಳೆಯ ಜೀನ್ ಹಳೆಯ ಕೆಲಸ ನೋಡಿಕೊಳ್ಳುತ್ತದೆ, ಹೆಚ್ಚುವರಿ ಪ್ರತಿಯಲ್ಲಿ ಸಣ್ಣಪುಟ್ಟ ಬದಲಾವಣೆಗಳು ಕೂಡುತ್ತ ಹೋಗುತ್ತವೆ. ಅವುಗಳಲ್ಲಿ ಬಹುಪಾಲು ವ್ಯರ್ಥ. ಯಾವುದೋ ಒಂದು ಹೊಸ ಗಿಡದ ವಿಷವನ್ನು ಒಡೆಯಬಲ್ಲದಾದರೆ ಆ ಹುಳುವಿನ ಮರಿಗಳು ಉಳಿಯುತ್ತವೆ. ಬಿಳಿನೊಣ ಇನ್ನೂ ವಿಚಿತ್ರ. ಟೊಮ್ಯಾಟೊ ಗಿಡಕ್ಕೆ ಎಲೆಮುದುಡು ರೋಗ ಹರಡುವ ಆ ನೊಣದ ಬಳಿ, ಗಿಡಗಳು ತಮ್ಮ ವಿಷ ತಮಗೇ ತಗಲದಂತೆ ಬಳಸುವ ಜೀನೊಂದು ಇದೆ. ಅದು ಗಿಡದಿಂದಲೇ ಬಂದದ್ದು ಎಂದು ಚೀನಾದ ವಿಜ್ಞಾನಿಗಳು 2021ರಲ್ಲಿ ತೋರಿಸಿದರು.

ಈಗ ನಮ್ಮ ಹೊಲಗಳಿಗೆ ನೇರವಾಗಿ ತಗಲುವ ಸಂಗತಿಗೆ ಬರುತ್ತೇನೆ. ಕಾಯಿಕೊರಕದಲ್ಲಿ ಒಂಬತ್ತು ಪಿ450 ಜೀನುಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿರುವ ಒಂದು ಜಾಗವಿದೆ. ನಾನ್‌ಜಿಂಗ್ ಕೃಷಿ ವಿಶ್ವವಿದ್ಯಾಲಯದವರು 2018ರಲ್ಲಿ ಆ ಸಾಲನ್ನೇ ಕತ್ತರಿಸಿ ತೆಗೆದರು. ಗಿಡದ ವಿಷ ಬೆರೆಸಿದ ಮೇವು ತಿಂದ ಹುಳುಗಳು ಹೆಚ್ಚು ಸತ್ತವು. ಎಸ್‌ಫೆನ್ವಲರೇಟ್, ಇಂಡಾಕ್ಸಾಕಾರ್ಬ್‌ನಂಥ ಅಂಗಡಿ ಔಷಧಿಗಳಿಗೂ ಹೆಚ್ಚು ಸತ್ತವು. ಗಿಡದ ವಿಷವನ್ನು ಒಡೆಯುವ ಕಿಣ್ವವೂ ನಾವು ಹೊಡೆಯುವ ಔಷಧಿಯನ್ನು ಒಡೆಯುವ ಕಿಣ್ವವೂ ಒಂದೇ ಸಾಲಿನಲ್ಲಿವೆ ಎಂದಾಯಿತು. ನಾವು ಡಬ್ಬಿ ತೆರೆಯುವುದಕ್ಕಿಂತ ಲಕ್ಷಾಂತರ ವರ್ಷ ಮೊದಲೇ ಗಿಡಗಳು ಈ ಹುಳುವಿಗೆ ತರಬೇತಿ ಕೊಟ್ಟು ಕಳಿಸಿವೆ. ನೂರೆಂಟು ಗಿಡ ತಿನ್ನುವ ಹುಳು ಔಷಧಿಗೂ ಬೇಗ ಜಗ್ಗದಂತಾಗುವುದರ ಹಿಂದೆ ಈ ಹಳೆಯ ಕಥೆಯಿದೆ.

ಇಲ್ಲಿ ಮಕ್ಕಳಿಗೆ ಎರಡು ಸಂಗತಿಗಳನ್ನು ಬಿಡಿಸಿ ಹೇಳಬೇಕು, ಮತ್ತು ಇದು ನನ್ನ ಮುಖ್ಯ ಕೋರಿಕೆ. ಒಂದು ಹುಳು ತೊಗರಿಯಿಂದ ಟೊಮ್ಯಾಟೊಗೆ ಹೋದರೆ ಅದರ ದೇಹದಲ್ಲಿ ಅಗತ್ಯವಾದ ಕಿಣ್ವಗಳ ತಯಾರಿಕೆ ಏರುತ್ತದೆ. ಜೀನ್ ಬದಲಾಗಿಲ್ಲ, ಅದರ ಕೆಲಸದ ಪ್ರಮಾಣ ಬದಲಾಗಿದೆ ಅಷ್ಟೇ. ಹಸಿರು ಸಸ್ಯಹೇನುಗಳ ಮೇಲೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ತಾಯಿಯ, ಒಂದೇ ಬಗೆಯ ಜೀನುಗಳ ಹೇನುಗಳನ್ನು ಎಲೆಕೋಸಿನ ಜಾತಿಯ ಗಿಡದಿಂದ ತಂಬಾಕಿನ ಜಾತಿಯ ಗಿಡಕ್ಕೆ ಬಿಟ್ಟರು. ಜೀನುಗಳ ಕೆಲವು ಗುಂಪುಗಳು ಚುರುಕಾದವು, ಕೆಲವು ತಣ್ಣಗಾದವು, ಹೇನುಗಳು ಹೊಸ ಗಿಡಕ್ಕೆ ಹೊಂದಿಕೊಂಡವು. ಇದು ಒಂದು ಜೀವದ ಬದುಕಿನೊಳಗೆ ಆಗುವ ಹೊಂದಾಣಿಕೆ.

ಔಷಧಿ ಕೆಲಸ ಮಾಡದಂತಾಗುವುದು ಬಹಳ ಸಲ ಬೇರೆಯೇ ಬಗೆಯದು. ಹೊಲದಲ್ಲಿ ಸಾವಿರ ಹುಳು ಇದ್ದರೆ ಅವುಗಳಲ್ಲಿ ಒಂದೆರಡಕ್ಕೆ ಹುಟ್ಟಿನಿಂದಲೇ ಆ ಔಷಧಿಯನ್ನು ಒಡೆಯುವ ಜೀನ್ ಇರಬಹುದು. ಔಷಧಿ ಬಿದ್ದಾಗ ಉಳಿದವು ಸಾಯುತ್ತವೆ, ಅವು ಉಳಿಯುತ್ತವೆ. ಒಂದು ಹೆಣ್ಣು ಪತಂಗ ಸಾವಿರದ ಹತ್ತಿರ ಮೊಟ್ಟೆ ಇಡಬಲ್ಲದು, ತಿಂಗಳು ಕಳೆದ ಮೇಲೆ ಸ್ವಲ್ಪ ದಿನಕ್ಕೆ ಹೊಸ ತಲೆಮಾರು ಬರುತ್ತದೆ. ಮತ್ತೆ ಅದೇ ಔಷಧಿ, ಮತ್ತೆ ಅದೇ ಆಯ್ಕೆ. ಯಾವ ಹುಳುವಿಗೂ ಏನೂ ಅಭ್ಯಾಸವಾಗಿಲ್ಲ. ಸಾಯುವವು ಸತ್ತು, ಸಾಯದವುಗಳ ಸಂತಾನ ಹೊಲ ತುಂಬಿದೆ. ಇನ್ನೊಂದು ಮುಚ್ಚಳ ಹೆಚ್ಚು ಹಾಕುವ ಅಪ್ಪ ಆ ಆಯ್ಕೆಯನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದಾನೆ. ಇದು ಅರ್ಥವಾದ ಹುಡುಗಿ ಮನೆಗೆ ಹೋಗಿ "ಅಪ್ಪಾ, ಒಂದೇ ಔಷಧಿ ಮತ್ತೆ ಮತ್ತೆ ಬೇಡ" ಎಂದರೆ ಅದು ಪರೀಕ್ಷೆಯ ಅಂಕಕ್ಕಿಂತ ದೊಡ್ಡದು.

ಇದಕ್ಕೆ ಹಳೆಯ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ. ಪಾವಗಡವನ್ನು ಬಹುಪಾಲು ಸುತ್ತುವರಿದಿರುವ ಆಂಧ್ರದಲ್ಲಿ, ಅದರ ಕರಾವಳಿಯ ಹತ್ತಿ ಸೀಮೆಯಲ್ಲಿ, 1987ರಲ್ಲಿ ಪೈರೆಥ್ರಾಯ್ಡ್ ಔಷಧಿಗಳು ಕಾಯಿಕೊರಕದ ಮುಂದೆ ಸೋತವು. ತೊಗರಿ, ಅವರೆಗೆ ನಮ್ಮ ರೈತರು ಎರಚಿದ ಫೆನ್ವಲರೇಟ್ ಪುಡಿ ಅದೇ ಬಳಗದ್ದು. ಫೆನ್ವಲರೇಟನ್ನು ಹುಳು ಹೇಗೆ ಅರಗಿಸಿಕೊಳ್ಳುತ್ತದೆ ಎಂಬುದರ ಒಂದು ಎಳೆಯನ್ನು ಜರ್ಮನಿಯ ಯೇನಾದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರೂ ಜೊತೆಗಾರರೂ 2012ರಲ್ಲಿ ಬಿಡಿಸಿದರು. ಅಕ್ಕಪಕ್ಕದ ಎರಡು ಪಿ450 ಜೀನುಗಳು, ವರ್ಣತಂತುಗಳು ತುಂಡು ಬದಲಿಸಿಕೊಳ್ಳುವಾಗ ಜೋಡಣೆ ತಪ್ಪಿ, ಒಂದರ ಮುಂಭಾಗಕ್ಕೆ ಇನ್ನೊಂದರ ಹಿಂಭಾಗ ಸೇರಿ ಮೂರನೆಯ ಜೀನ್ ಆಗಿತ್ತು. ಅದು ಮಾಡಿದ ಕಿಣ್ವಕ್ಕೆ ಫೆನ್ವಲರೇಟ್ ಒಡೆಯುವ ಶಕ್ತಿ ಬಂದಿತ್ತು. ಆಸ್ಟ್ರೇಲಿಯಾದ ಹುಳುಗಳಲ್ಲಿ ಮೊದಲು ಕಂಡ ಈ ಬೆಸುಗೆ ಜೀನ್ ಆಮೇಲೆ ಪಾಕಿಸ್ತಾನ, ಚೀನಾ, ಬ್ರೆಜಿಲ್‌ಗಳ ಹುಳುಗಳಲ್ಲೂ ಸಿಕ್ಕಿದೆ.

ಹಾಗಾದರೆ ಬಹುಭಕ್ಷಕ ಹುಳುವಿನ ಮುಂದೆ ನಾವು ಯಾವಾಗಲೂ ಸೋತಂತೆಯೇ? ಇಲ್ಲ. ಬಿಟಿ ಹತ್ತಿಯ ಕಥೆ ಇದಕ್ಕೆ ವಿರುದ್ಧವಾಗಿ ಹೇಳುತ್ತದೆ, ಜಾಣ ಮಕ್ಕಳಿಗೆ ಇದನ್ನು ಒಗಟಾಗಿ ಕೊಡಿ. ಹುಳು ಕೊಲ್ಲುವ ವಿಷವನ್ನು ಗಿಡವೇ ಮಾಡಿಕೊಳ್ಳುವ ಬಿಟಿ ಹತ್ತಿ ಭಾರತಕ್ಕೆ 2002ರಲ್ಲಿ ಬಂತು. ಗುಜರಾತಿನಲ್ಲಿ ಅದರ ವಿಷಕ್ಕೆ ಜಗ್ಗದ ಹುಳು ಇದೆ ಎಂದು 2010ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡದ್ದು ಗುಲಾಬಿ ಕಾಯಿಕೊರಕದ ವಿಚಾರದಲ್ಲಿ. ಆ ಹುಳು ಹೆಚ್ಚುಕಡಿಮೆ ಹತ್ತಿಯನ್ನೇ ನಂಬಿ ಬದುಕುವಂಥದ್ದು. ನಮ್ಮ ಕಾಯಿಕೊರಕ ಅಷ್ಟು ಬೇಗ ಗೆಲ್ಲಲಿಲ್ಲ. ಒಂದು ಮುಖ್ಯ ಕಾರಣ ಅದರ ಬಹುಭಕ್ಷಕತನವೇ. ಬಿಟಿ ಹೊಲದ ಆಚೆ ತೊಗರಿಯಲ್ಲಿ, ಕಡಲೆಯಲ್ಲಿ, ಕಳೆಗಿಡಗಳಲ್ಲಿ ಆ ವಿಷ ಸೋಂಕದ ಲೆಕ್ಕವಿಲ್ಲದಷ್ಟು ಹುಳುಗಳು ಬೆಳೆಯುತ್ತವೆ. ಉಳಿದುಕೊಂಡ ಗಟ್ಟಿ ಹುಳು ಅವುಗಳ ಜೊತೆ ಕೂಡಿದಾಗ ನಿರೋಧಕ ಜೀನ್ ಗುಂಪಿನಲ್ಲಿ ತೆಳುವಾಗಿಬಿಡುತ್ತದೆ. ಮೆಂಡಲನ ಪಾಠವನ್ನು ಇಲ್ಲಿ ಕಪ್ಪುಹಲಗೆಯ ಮೇಲೆ ಚೌಕಳಿ ಹಾಕಿ ತೋರಿಸಬಹುದು. ಔಷಧಿ ಮುಟ್ಟದ ಒಂದು ತುಂಡು ಹೊಲ, ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಹರಳು ಹಾಕುವ ನಮ್ಮ ಅಕ್ಕಡಿ ಸಾಲು, ಇವುಗಳಿಗೆ ಜೀನಿನ ಲೆಕ್ಕದಲ್ಲೂ ಬೆಲೆಯಿದೆ ಎಂದು ನಾನು ಅಂದುಕೊಂಡಿದ್ದೇನೆ.

ಎಲ್ಲವನ್ನೂ ತಿನ್ನುವ ಹುಳುವಿಗೂ ಇಷ್ಟವಾದ ಗಿಡ ಅಂತ ಇರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂವು ನೆಡಲು ಹೇಳಿದ್ದು ಅದಕ್ಕೇ. ಪತಂಗ ಹೂವಿಗೆ ಒಲಿದು ಮೊಟ್ಟೆ ಅಲ್ಲಿಡುತ್ತದೆ. ಕಡ್ಲೆಕಾಯಿ ಹೊಲದ ಅಂಚಿಗೆ ಹರಳು ಹಾಕಿದರೆ ತಂಬಾಕಿನ ಹುಳುವಿನ ಮೊಟ್ಟೆ ಗುಂಪುಗಳು ಅಗಲವಾದ ಎಲೆಯಲ್ಲಿ ಕಣ್ಣಿಗೆ ಬೀಳುತ್ತವೆ, ಎಲೆ ಸಮೇತ ಕಿತ್ತು ಹಾಕಬಹುದು.

ಪಾವಗಡದ ಮೇಷ್ಟ್ರುಗಳಿಗೆ ಕೆಂಪುತಲೆ ಕಂಬಳಿಹುಳುವಿನ ಪರಿಚಯ ನಾನು ಮಾಡಿಸಬೇಕಿಲ್ಲ. ಮುಂಗಾರಿನ ಹದವಾದ ಮಳೆ ಬಿದ್ದ ಮೇಲೆ ನೆಲದೊಳಗೆ ತಿಂಗಳುಗಟ್ಟಲೆ ಮಲಗಿದ್ದ ಕೋಶಗಳಿಂದ ಪತಂಗಗಳು ಒಟ್ಟಿಗೆ ಎದ್ದು ಬರುತ್ತವೆ. ಎಲೆಯ ತಳಕ್ಕೆ ನೂರಾರು ಮೊಟ್ಟೆ. ಮರಿಗಳು ಮೊದಲು ಒಂದೇ ಎಲೆಯಲ್ಲಿ ಗುಂಪಾಗಿ ಕೂತು ಹಸಿರು ಕೆರೆಯುತ್ತವೆ. ದೊಡ್ಡವಾದ ಮೇಲೆ ಕಡ್ಲೆಕಾಯಿ, ಅಲಸಂದೆ, ತೊಗರಿ, ಹರಳು, ಜೋಳ ಎಂದು ನೋಡದೆ ಹೊಲದಿಂದ ಹೊಲಕ್ಕೆ ದಂಡು ಹೋಗುತ್ತವೆ. ಊರವರೆಲ್ಲ ಸೇರಿ ಒಂದೇ ರಾತ್ರಿ ಬದುಗಳ ಮೇಲೆ ಬೆಂಕಿ ಹಾಕಿ ಪತಂಗ ಸುಡುವುದು, ಮೊಟ್ಟೆ ಇರುವ ಎಲೆ ಕೀಳುವುದು, ಮರಿಗಳು ಗುಂಪಿನಲ್ಲಿರುವಾಗಲೇ ಆರಿಸುವುದು, ಹೊಲದ ಸುತ್ತ ಕಾಲುವೆ ತೋಡುವುದು, ಎಕ್ಕದ ಟೊಂಗೆ ಇಟ್ಟು ಅದಕ್ಕೆ ಬಂದು ಸೇರಿದ ಹುಳುಗಳನ್ನು ಬಳಿದು ಹಾಕುವುದು, ಇವೆಲ್ಲ ಕೂಲಿ ಬೇಡುವ ಕೆಲಸಗಳು. ಒಬ್ಬರು ಮಾಡಿ ಪಕ್ಕದವರು ಮಾಡದಿದ್ದರೆ ಪ್ರಯೋಜನವೂ ಇಲ್ಲ. ಆದರೆ ಕೈಯಲ್ಲಿ ಆರಿಸುವವರು ಹುಳುವಿನ ಹೊಟ್ಟೆಯಲ್ಲಿ ಯಾವ ಕಿಣ್ವವಿದೆ ಎಂದು ಕೇಳುವುದಿಲ್ಲ. ಔಷಧಿಗೆ ಬಗ್ಗದ ಹುಳುವೂ ಬಗ್ಗುವ ಹುಳುವೂ ಒಂದೇ ಬಕೆಟ್ಟಿಗೆ ಬೀಳುತ್ತವೆ. ಬೆಂಕಿಗೆ ಬಾರದ ಪತಂಗಗಳು ಮಾತ್ರ ಉಳಿದರೆ ಎಂದು ಯಾರಾದರೂ ವಿದ್ಯಾರ್ಥಿ ಕೇಳಿದರೆ ಬೆನ್ನು ತಟ್ಟಿ. ಯೂರೋಪಿನಲ್ಲಿ ಊರ ದೀಪಗಳ ನಡುವೆ ತಲೆಮಾರುಗಳಿಂದ ಬದುಕಿದ ಒಂದು ಜಾತಿಯ ಪತಂಗ, ಕತ್ತಲ ಸೀಮೆಯ ತನ್ನದೇ ಜಾತಿಗಿಂತ ಕಡಿಮೆ ದೀಪಕ್ಕೆ ಹಾರುತ್ತದೆ ಎಂದು 2016ರಲ್ಲಿ ವರದಿಯಾಗಿದೆ. ಅದಕ್ಕೇ ಒಂದೇ ಉಪಾಯಕ್ಕೆ ಜೋತು ಬೀಳದೆ ನಾಲ್ಕಾರು ಬೆರೆಸಬೇಕು.

ಬೇವಿನ ಬೀಜದ ಕಷಾಯದ ವಿಚಾರವೂ ಹೀಗೆಯೇ. ಕೆನಡಾದ ವಿಜ್ಞಾನಿಗಳು ಹಸಿರು ಸಸ್ಯಹೇನುಗಳ ಒಂದು ಗುಂಪಿಗೆ ಬೇವಿನ ಮುಖ್ಯ ಅಂಶವಾದ ಅಜಾಡಿರಾಕ್ಟಿನ್ ಒಂದನ್ನೇ, ಇನ್ನೊಂದು ಗುಂಪಿಗೆ ಬೀಜದ ಇಡೀ ಸಾರವನ್ನು 40 ತಲೆಮಾರು ಕೊಟ್ಟು ನೋಡಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಗುಂಪಿನ ತಡೆಯುವ ಶಕ್ತಿ ಒಂಬತ್ತು ಪಟ್ಟು ಏರಿತು, ಎರಡನೆಯದರಲ್ಲಿ ಏರಲಿಲ್ಲ. ಹತ್ತಾರು ಅಂಶಗಳು ಒಟ್ಟಿಗೆ ಬಂದಾಗ ಹುಳುವಿಗೆ ಒಂದು ಜೀನಿನಿಂದ ದಾರಿ ಸಿಗುವುದಿಲ್ಲ. ಮನೆಯಲ್ಲಿ ಬೀಜ ಕುಟ್ಟಿ ನೆನೆಹಾಕಿ ಸೋಸಿದ ಕಷಾಯವನ್ನು ಹಳೆಕಾಲದ್ದೆಂದು ತಳ್ಳಿಹಾಕುವವರಿಗೆ ಈ ಪ್ರಯೋಗವನ್ನು ಹೇಳಬೇಕು.

ತರಗತಿಯಲ್ಲಿ ಮಾಡಲು ಒಂದು ಕೆಲಸ ಸೂಚಿಸುತ್ತೇನೆ, ಖರ್ಚಿಲ್ಲದ್ದು. ಬಾಟಲಿಯ ಮುಚ್ಚಳ ಒತ್ತಿ ಹಿಪ್ಪುನೇರಳೆ, ಹರಳು, ಕಡ್ಲೆಕಾಯಿ, ಬೇವಿನ ಎಲೆಗಳಿಂದ ಬಿಲ್ಲೆಗಳನ್ನು ಕತ್ತರಿಸಿ. ಒದ್ದೆ ಕಾಗದ ಹಾಸಿದ ಎರಡು ಡಬ್ಬಿಗಳಲ್ಲಿ ನಾಲ್ಕೂ ಬಗೆಯ ಬಿಲ್ಲೆ ಇಟ್ಟು ಒಂದಕ್ಕೆ ಮೂರನೇ ಜ್ವರ (ಪೊರೆ ಬಿಡುವ ಹಂತ) ಎದ್ದ ರೇಷ್ಮೆಹುಳು, ಇನ್ನೊಂದಕ್ಕೆ ಹರಳು ಗಿಡದಿಂದ ತಂದ ತಂಬಾಕಿನ ಹುಳು ಬಿಡಿ. ಮಾರನೆಯ ಬೆಳಿಗ್ಗೆ ಉಳಿದ ಬಿಲ್ಲೆಗಳನ್ನು ಗ್ರಾಫ್ ಹಾಳೆಯ ಮೇಲಿಟ್ಟು ತಿಂದ ಚೌಕಗಳನ್ನು ಎಣಿಸಲಿ. ತಂಬಾಕಿನ ಹುಳು ಹಿಪ್ಪುನೇರಳೆಯನ್ನೂ ತಿನ್ನಬಲ್ಲದು. ಬೇವಿನ ಬಿಲ್ಲೆಯ ಗತಿ ಏನಾಯಿತು ಎಂಬುದನ್ನು ಅವರೇ ನೋಡಿ ಬರೆದುಕೊಳ್ಳಲಿ. ಔಷಧಿ ಹೊಡೆದ ಎಲೆ ಬೇಡ. ಕಂಬಳಿಹುಳು ಬೇಡ, ಕೂದಲು ತಗಲಿದರೆ ತುರಿಕೆ. ಪ್ರಯೋಗಕ್ಕೆ ತಂದ ರೇಷ್ಮೆಹುಳುವನ್ನು ಮತ್ತೆ ಸಾಕಣೆ ಮನೆಗೆ ಸೇರಿಸಬೇಡಿ, ತಂಬಾಕಿನ ಹುಳುವನ್ನು ಯಾರ ಹೊಲಕ್ಕೂ ಬಿಡಬೇಡಿ.

ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ, ಈ ಆಯ್ಕೆಯ ಕಥೆಯನ್ನೇ ಹೇಳುವ ಜೀವವಿಕಾಸದ ಭಾಗವನ್ನು ತೆಗೆದಾಗ, 2023ರಲ್ಲಿ, ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು, ವಿಜ್ಞಾನಾಸಕ್ತರು ಸಹಿ ಹಾಕಿ ವಿರೋಧಿಸಿದರು. ಆ ವಿರೋಧಕ್ಕೆ ನನ್ನ ಪೂರ್ತಿ ಒಪ್ಪಿಗೆ. ಪುಸ್ತಕದ ಪುಟ ಹೋದರೂ ಹೊಲದ ಪುಟ ಹೋಗಿಲ್ಲ. ಅಮೆರಿಕ ಖಂಡದ ಲದ್ದಿ ಹುಳು 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ, ಭಾರತದಲ್ಲೇ ಮೊದಲು, ಪತ್ತೆಯಾಯಿತು. ಅದೂ ಬಹುಭಕ್ಷಕವೇ. ಹೊಸ ಸೀಮೆಯ ಹೊಸ ಗಿಡ, ಹೊಸ ಔಷಧಿಗಳ ನಡುವೆ ಅದರ ತಲೆಮಾರುಗಳಲ್ಲಿ ಏನಾಗುತ್ತದೆ ಎಂಬುದು ಈಗ ಎಂಟನೇ ತರಗತಿಯಲ್ಲಿರುವ ಮಕ್ಕಳ ಕಣ್ಣೆದುರಿಗೇ ನಡೆಯಲಿದೆ.

ಕೊನೆಯದಾಗಿ ಒಂದು ಕೋರಿಕೆ. ಈ ಸಲ ತೊಗರಿ ಹೂ ಬಿಡುವ ವಾರದಿಂದ ನಾಲ್ಕೂ ತಾಲ್ಲೂಕಿನ ಆಸಕ್ತ ಶಾಲೆಗಳು ಒಂದೇ ಬಗೆಯ ಹಾಳೆ ಇಟ್ಟುಕೊಳ್ಳಲಿ. ದಿನಾಂಕ, ಊರು, ಗಿಡ, ಹತ್ತು ಗಿಡಕ್ಕೆ ಎಷ್ಟು ಹುಳು, ಅವುಗಳ ಬಣ್ಣ, ಆ ಹೊಲಕ್ಕೆ ಯಾವ ಔಷಧಿ ಎಷ್ಟನೆಯ ಸಲ, ಅಥವಾ ಹೊಡೆದೇ ಇಲ್ಲವೇ. ಬರೆಯುವುದು ಮಕ್ಕಳೇ, ಹೊಲದವರನ್ನು ಕೇಳುವುದೂ ಅವರೇ. ವರ್ಷದ ಕೊನೆಗೆ ಶಿರಾದ ಹಾಳೆಯನ್ನು ಪಾವಗಡದವರು, ಕೊರಟಗೆರೆಯದನ್ನು ಮಧುಗಿರಿಯವರು ತರಿಸಿಕೊಂಡು ಹೋಲಿಸಿ ನೋಡಲಿ. ಹಾಳೆಯ ಮಾದರಿಯನ್ನು ನಿಮ್ಮಲ್ಲಿ ಯಾರಾದರೂ ಮೊದಲು ತಯಾರಿಸಿ ಉಳಿದವರಿಗೆ ಕಳಿಸಿದರೆ, ಹೂವು ಬರುವಷ್ಟರಲ್ಲಿ ಎಲ್ಲ ಶಾಲೆಗಳಿಗೂ ತಲುಪುತ್ತದೆ.

ಇಂತಿ,
ನಿಮ್ಮ ಸೀಮೆಯವನೇ ಆದ ಒಬ್ಬ ಕೃಷಿ ಬರಹಗಾರ